ನೂರ ಐದಕ್ಕೆ ಎಷ್ಟು ಸೊನ್ನೆ?

ಸಂಖ್ಯೆ ಬರೆಯುವಾಗ ಮಕ್ಕಳು ಮಾಡುವ ಒಂದು ತಪ್ಪಿನ ಹಿಂದೆ ಎರಡು ಸಾವಿರ ವರ್ಷಗಳ ಇತಿಹಾಸವಿದೆ. ಆ ತಪ್ಪನ್ನು ಅರ್ಥ ಮಾಡಿಕೊಂಡರೆ ಸ್ಥಾನಬೆಲೆಯೂ ಅರ್ಥವಾಗುತ್ತದೆ.

ಎರಡನೇ ತರಗತಿಯ ಮಕ್ಕಳಿಗೆ ‘ನೂರ ಐದು’ ಬರೆಯಲು ಹೇಳಿ. ಕೆಲವರಾದರೂ 1005 ಎಂದು ಬರೆಯುತ್ತಾರೆ. ‘ಇನ್ನೂರ ಮೂವತ್ತನಾಲ್ಕು’ ಎಂದರೆ 200304 ಎಂದು ಬರೆದು ತೋರಿಸುವ ಮಗುವೂ ಇರುತ್ತದೆ. ಶಾಲೆಯಲ್ಲಿ ಅದಕ್ಕೆ ಕೆಂಪು ಗೀಟು ಬೀಳುತ್ತದೆ, ಮನೆಯಲ್ಲಿ ‘ಇಷ್ಟೂ ಗೊತ್ತಾಗಲ್ವಾ?’ ಎಂಬ ಮಾತು ಬರುತ್ತದೆ. ಆದರೆ ಆ ಉತ್ತರವನ್ನು ಇನ್ನೊಮ್ಮೆ ನಿಧಾನವಾಗಿ ನೋಡಿ. ಇನ್ನೂರಕ್ಕೆ 200, ಮೂವತ್ತಕ್ಕೆ 30, ನಾಲ್ಕಕ್ಕೆ 4. ಕಿವಿಗೆ ಬಿದ್ದದ್ದನ್ನೆಲ್ಲ ಬಿದ್ದ ಕ್ರಮದಲ್ಲೇ, ಒಂದನ್ನೂ ಬಿಡದೆ ಮಗು ಬರೆದಿದೆ. ಅದು ಸರಿಯಾಗಿ ಕೇಳಿಸಿಕೊಂಡಿದೆ, ಅಂಕಿಗಳನ್ನೂ ಸರಿಯಾಗಿಯೇ ಗುರುತಿಸಿದೆ. ದೊಡ್ಡವರೆಲ್ಲ ಎಂದೋ ಒಪ್ಪಿಕೊಂಡು, ಒಪ್ಪಿಕೊಂಡದ್ದನ್ನೇ ಮರೆತಿರುವ ಒಂದು ಕಟ್ಟುಪಾಡು ಮಾತ್ರ ಅದಕ್ಕಿನ್ನೂ ತಿಳಿದಿಲ್ಲ. ಅದೇ ಸ್ಥಾನಬೆಲೆ.

ಈ ಕಟ್ಟುಪಾಡಿಗೆ ಬರಲು ಮನುಷ್ಯರಿಗೆ ಸಾವಿರಾರು ವರ್ಷ ಹಿಡಿಯಿತು. ಏಳು ವರ್ಷದ ಮಗುವಿಗೆ ನಾವದನ್ನು ಒಂದು ಪಾಠದಲ್ಲಿ ಮುಗಿಸಿ ಮುಂದೆ ಹೋಗುತ್ತೇವೆ. ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಎಲ್ಲವೂ ಇದರ ಮೇಲೆಯೇ ನಿಂತಿವೆ. ಹಾಗಾಗಿ ಪ್ರಾಥಮಿಕ ಗಣಿತದಲ್ಲಿ ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದ ಪಾಠ ಇದು.

ಬಾಯಲ್ಲಿರುವುದು ಬರಹದಲ್ಲಿಲ್ಲ

0ಯಿಂದ 9ರವರೆಗಿನ ಹತ್ತು ಗುರುತುಗಳು ಅಂಕಿಗಳು. ಅವನ್ನು ಸಾಲಾಗಿ ಇಟ್ಟು ಬರೆದದ್ದು ಸಂಖ್ಯೆ. ‘ಐದು ಸಾವಿರದ ಐನೂರ ಐವತ್ತೈದು’ ಎಂದು ಹೇಳುವಾಗ ಸಾವಿರ, ನೂರು, ಹತ್ತು ಎಲ್ಲವೂ ಒಂದಲ್ಲ ಒಂದು ರೂಪದಲ್ಲಿ ಬಾಯಲ್ಲಿ ಬರುತ್ತವೆ. ಬರೆಯುವಾಗ ಉಳಿಯುವುದು 5555 ಮಾತ್ರ. ನಾಲ್ಕೂ ಕಡೆ ಇರುವುದು ಅದೇ ಐದು, ಗಾತ್ರದಲ್ಲೂ ಆಕಾರದಲ್ಲೂ ವ್ಯತ್ಯಾಸವಿಲ್ಲ. ಇದು ಅದರ ಮುಖಬೆಲೆ. ಆದರೆ ಬಲತುದಿಯ 5 ಬರೀ ಐದು, ಅದರ ಎಡಕ್ಕಿರುವುದು ಐವತ್ತು, ಅದರಾಚೆಯದು ಐನೂರು, ಎಡತುದಿಯದು ಐದು ಸಾವಿರ. ಇದು ಸ್ಥಾನಬೆಲೆ. ಎಡಕ್ಕೆ ಒಂದು ಹೆಜ್ಜೆ ಸರಿದರೆ ಹತ್ತು ಪಟ್ಟು ಹೆಚ್ಚು, ಬಲಕ್ಕೆ ಸರಿದರೆ ಹತ್ತರಲ್ಲಿ ಒಂದು ಪಾಲು. ಸಾವಿರ, ನೂರು ಎಂಬ ಹೆಸರುಗಳನ್ನು ಬರಹದಿಂದ ತೆಗೆದುಹಾಕಿ, ಅವುಗಳ ಕೆಲಸವನ್ನೆಲ್ಲ ಜಾಗಕ್ಕೆ ಒಪ್ಪಿಸಿದ್ದೇವೆ. ಕಣ್ಣಿಗೆ ಕಾಣದ ಆ ಜಾಗವನ್ನು ಓದಲು ಕಲಿಯುವುದೇ ಕಷ್ಟದ ಕೆಲಸ.

ಘಾಟಿಯ ಗುಹೆಯಲ್ಲಿ

ಮಹಾರಾಷ್ಟ್ರದ ಜುನ್ನರ್ ಬಳಿ ಸಹ್ಯಾದ್ರಿಯನ್ನು ದಾಟುವ ಹಳೆಯ ವ್ಯಾಪಾರದ ದಾರಿಯೊಂದಿದೆ, ನಾಣೇಘಾಟ್. ಅಲ್ಲಿನ ಗುಹೆಯ ಗೋಡೆಯ ಮೇಲೆ ಶಾತವಾಹನ ರಾಣಿ ನಾಗನಿಕಾಳ ಕಾಲದ ದೊಡ್ಡ ಶಾಸನವಿದೆ. ಯಜ್ಞಗಳಲ್ಲಿ ದಾನ ಕೊಟ್ಟ ಹಸುಗಳು, ನಾಣ್ಯಗಳ ಲೆಕ್ಕವನ್ನು ಅದರಲ್ಲಿ ಬ್ರಾಹ್ಮೀ ಅಂಕಿಗಳಲ್ಲಿ ಕೊರೆದಿದ್ದಾರೆ. ಬ್ರಾಹ್ಮೀ ಪದ್ಧತಿಯಲ್ಲಿ ಒಂದರಿಂದ ಒಂಬತ್ತಕ್ಕೆ ಬೇರೆ ಬೇರೆ ಗುರುತುಗಳಿದ್ದವು. ಹತ್ತು, ಇಪ್ಪತ್ತು, ಮೂವತ್ತರಿಂದ ತೊಂಬತ್ತರವರೆಗೂ ಪ್ರತ್ಯೇಕ ಗುರುತುಗಳು. ನೂರಕ್ಕೊಂದು, ಸಾವಿರಕ್ಕೊಂದು. 289 ಎಂದು ಬರೆಯಲು ಇನ್ನೂರರ ಗುರುತು, ಎಂಬತ್ತರ ಗುರುತು, ಒಂಬತ್ತರ ಗುರುತು, ಮೂರನ್ನೂ ಪಕ್ಕಪಕ್ಕದಲ್ಲಿ ಇಡುತ್ತಿದ್ದರು. 105 ಎಂದರೆ ನೂರರ ಗುರುತು, ಪಕ್ಕದಲ್ಲಿ ಐದರ ಗುರುತು.

ನಮ್ಮ ಎರಡನೇ ತರಗತಿಯ ಮಗು ಮಾಡಿದ್ದೂ ಇದನ್ನೇ. ಅದರ ಮಟ್ಟಿಗೆ 100 ಎಂಬುದು ನೂರರ ಗುರುತು, ಅದರ ಪಕ್ಕ 5 ಇಟ್ಟರೆ ನೂರ ಐದು. ರೋಮನ್ನರೂ ಹಾಗೆಯೇ ನೂರರ ಅಕ್ಷರದ ಪಕ್ಕ ಐದರ ಅಕ್ಷರ ಇಡುತ್ತಿದ್ದರು. ಒಂದು ಕಾಲದ ಪಂಡಿತರು, ಶಿಲ್ಪಿಗಳು, ವರ್ತಕರು ಒಪ್ಪಿ ಬಳಸಿದ ಪದ್ಧತಿಯನ್ನು ಮಗು ತನ್ನಷ್ಟಕ್ಕೆ ತಾನೇ ಕಂಡುಕೊಂಡಿದೆ. ಅದನ್ನು ದಡ್ಡತನ ಎನ್ನುವುದು ಅನ್ಯಾಯ.

ಆ ಹಳೆಯ ಪದ್ಧತಿಗಳಲ್ಲಿ ಸಂಖ್ಯೆಯನ್ನು ದಾಖಲಿಸುವುದಕ್ಕೆ ಅಡ್ಡಿಯಿರಲಿಲ್ಲ. ಆ ಗುರುತುಗಳನ್ನೇ ಹಿಡಿದು ಲೆಕ್ಕ ಮಾಡುವುದು ಮಾತ್ರ ತ್ರಾಸದ ಕೆಲಸ. ಸಂಖ್ಯೆ ದೊಡ್ಡದಾದಂತೆ ಹೊಸ ಗುರುತು ಬೇಕು, ಗುಣಾಕಾರಕ್ಕೆ ಕಲ್ಲು–ಮಣಿಗಳ ಹಲಗೆ ಬೇಕು. ಸ್ಥಾನಬೆಲೆ ಬಂದ ಮೇಲೆ ಹತ್ತೇ ಗುರುತುಗಳಲ್ಲಿ ಎಷ್ಟು ದೊಡ್ಡ ಸಂಖ್ಯೆಯನ್ನೂ ಬರೆಯಬಹುದಾಯಿತು. ಬರೆದ ಸಾಲಿನ ಮೇಲೆಯೇ ಲೆಕ್ಕ ನಡೆಯತೊಡಗಿತು.

ಖಾಲಿ ಜಾಗದ ಕಾವಲು

ಸ್ಥಾನಕ್ಕೆ ಬೆಲೆ ಕೊಟ್ಟ ಕೂಡಲೇ ಒಂದು ತೊಡಕು ಎದುರಾಗುತ್ತದೆ. ನೂರ ಐದರಲ್ಲಿ ನೂರು ಒಂದಿದೆ, ಬಿಡಿ ಐದಿವೆ, ಹತ್ತರ ಸ್ಥಾನ ಖಾಲಿ. ಖಾಲಿ ಎಂಬುದನ್ನು ಬರೆದು ತೋರಿಸದಿದ್ದರೆ 1 ಮತ್ತು 5 ಅಂಟಿಕೊಂಡು 15 ಆಗಿಬಿಡುತ್ತದೆ. ಅರವತ್ತರ ಲೆಕ್ಕದಲ್ಲಿ ಸ್ಥಾನಬೆಲೆಯನ್ನು ಬಹಳ ಹಿಂದೆಯೇ ಬಳಸಿದ ಬ್ಯಾಬಿಲೋನಿಯನ್ನರು ಈ ತೊಡಕಿನಲ್ಲಿ ಸಿಕ್ಕಿಕೊಂಡರು. ನಡುವಿನ ಖಾಲಿ ಜಾಗಕ್ಕೆ ಅವರು ಕಾಲಾಂತರದಲ್ಲಿ ಒಂದು ಗುರುತು ಮಾಡಿಕೊಂಡರೂ ಸಂಖ್ಯೆಯ ಕೊನೆಗೆ ಅದನ್ನು ಬಳಸಲಿಲ್ಲ. ಹಾಗಾಗಿ ಜೇಡಿಮಣ್ಣಿನ ಹಲಗೆಯ ಮೇಲಿನ ಒಂದು ಗೀರು 1 ಇರಬಹುದು, 60 ಇರಬಹುದು, 3600 ಕೂಡ ಇರಬಹುದು. ಯಾವುದೆಂದು ಓದುವವರು ಸಂದರ್ಭ ನೋಡಿ ತಿಳಿಯಬೇಕಿತ್ತು.

ಭಾರತದಲ್ಲಿ ಹತ್ತರ ಲೆಕ್ಕದ ಸ್ಥಾನಬೆಲೆಯೂ ಖಾಲಿಯ ಅಂಕಿಯೂ ಒಟ್ಟಿಗೆ ಬೆಳೆದವು. ಅದರ ಹಳೆಯ ಸಾಕ್ಷಿ ಸಿಗುವುದು ಅಂಕಿಗಳಲ್ಲಿ ಅಲ್ಲ, ಪದಗಳಲ್ಲಿ. ಛಂದಸ್ಸಿನಲ್ಲಿ ಬರೆಯುತ್ತಿದ್ದ ಪಂಡಿತರು ಅಂಕಿಗಳ ಬದಲು ವಸ್ತುಗಳ ಹೆಸರು ಬಳಸುತ್ತಿದ್ದರು. ಚಂದ್ರ ಎಂದರೆ 1, ನೇತ್ರ 2, ವೇದ 4, ಮನ್ಮಥನ ಬಾಣಗಳು 5, ಋತು 6, ಆಕಾಶ 0. ಓದಬೇಕಾದದ್ದು ಬಿಡಿ ಸ್ಥಾನದಿಂದ ಶುರುಮಾಡಿ ಎಡಕ್ಕೆ. ‘ಬಾಣ–ಆಕಾಶ–ಚಂದ್ರ’ ಎಂದರೆ ಬಿಡಿ 5, ಹತ್ತು 0, ನೂರು 1. ಅಲ್ಲಿಗೆ 105. ಇಲ್ಲಿ ನೂರು ಎಂಬ ಹೆಸರೇ ಇಲ್ಲ, ಖಾಲಿ ಜಾಗಕ್ಕೆ ಮಾತ್ರ ಹೆಸರಿದೆ. ಜೈನರ ವಿಶ್ವವಿವರಣೆಯ ಗ್ರಂಥ ‘ಲೋಕವಿಭಾಗ’ದಲ್ಲಿ 13,10,72,00,000 ಎಂಬ ಸಂಖ್ಯೆಯನ್ನು ಐದು ಸೊನ್ನೆಗಳು, ಆಮೇಲೆ ಎರಡು, ಏಳು, ಸೊನ್ನೆ, ಒಂದು, ಮೂರು, ಒಂದು ಎಂಬ ಕ್ರಮದಲ್ಲಿ ಹೇಳಲಾಗಿದೆ. ಆ ಗ್ರಂಥದಲ್ಲಿ ಉಲ್ಲೇಖವಾಗಿರುವ ಕಾಲ ಶಕ 380, ಅಂದರೆ ಕ್ರಿ.ಶ. 458. ಒಂದು ಸ್ಥಾನದಿಂದ ಮುಂದಿನ ಸ್ಥಾನಕ್ಕೆ ಹತ್ತು ಪಟ್ಟು ಎಂಬ ನಿಯಮವನ್ನು ಆರ್ಯಭಟ 499ರಲ್ಲಿ ಸೂತ್ರವಾಗಿ ಹೇಳಿದ. ಬ್ರಹ್ಮಗುಪ್ತ 628ರಲ್ಲಿ ಸೊನ್ನೆಯನ್ನೂ ಒಂದು ಸಂಖ್ಯೆಯಾಗಿ ಹಿಡಿದು, ಅದನ್ನು ಕೂಡುವ, ಕಳೆಯುವ, ಗುಣಿಸುವ ನಿಯಮಗಳನ್ನು ಬರೆದ.

ಕಲ್ಲಿನಲ್ಲಿ ಸೊನ್ನೆಯನ್ನು ನೋಡಬೇಕೆನ್ನುವವರು ಗ್ವಾಲಿಯರ್ ಕೋಟೆಯ ಚತುರ್ಭುಜ ದೇವಾಲಯಕ್ಕೆ ಹೋಗಬೇಕು. ಗುಡ್ಡದ ಬಂಡೆಯಲ್ಲೇ ಕೊರೆದ ಪುಟ್ಟ ಗುಡಿ ಅದು. ಅಲ್ಲಿನ 876ರ ಶಾಸನದಲ್ಲಿ ದೇವರ ಹೂದೋಟಕ್ಕೆ ಕೊಟ್ಟ ನೆಲದ ಅಳತೆಯಿದೆ. ಉದ್ದ 270 ಹಸ್ತ, ಅಗಲ 187 ಹಸ್ತ. ದಿನವೂ ದೇವರಿಗೆ 50 ಹೂಮಾಲೆ ಸಲ್ಲಬೇಕು. 270ರಲ್ಲೂ 50ರಲ್ಲೂ ಕೊನೆಗೆ ಪುಟ್ಟ ದುಂಡನೆಯ ಸೊನ್ನೆ. ಶಾಸ್ತ್ರಗ್ರಂಥದ ಮಾತಿರಲಿ, ಹೂವಿನ ಲೆಕ್ಕಕ್ಕೂ ಆಗಲೇ ಜನ ಈ ಬರಹವನ್ನು ಬಳಸುತ್ತಿದ್ದರು ಎಂಬುದೇ ಆ ಶಾಸನದ ದೊಡ್ಡ ಸಾಕ್ಷ್ಯ. ಇದೇ ಅಂಕಿಗಳು ಬಾಗ್ದಾದಿನ ಅಲ್ ಖ್ವಾರಿಜ್ಮಿಯ ಗ್ರಂಥದ ಮೂಲಕ ಅರಬ್ ಜಗತ್ತಿಗೆ ಹರಡಿದವು. 1202ರಲ್ಲಿ ಇಟಲಿಯ ಫಿಬೊನಾಚಿ ಬರೆದ ಪುಸ್ತಕ ಅವನ್ನು ಯುರೋಪಿನ ವರ್ತಕರಿಗೆ ಪರಿಚಯಿಸಿತು. ಆದರೂ 1299ರಲ್ಲಿ ಫ್ಲಾರೆನ್ಸ್ ನಗರದ ಹಣ ವಿನಿಮಯಗಾರರ ಸಂಘ ಲೆಕ್ಕದ ಪುಸ್ತಕದಲ್ಲಿ ಈ ಅಂಕಿಗಳನ್ನು ಬಳಸಬಾರದು, ಮೊತ್ತವನ್ನು ಅಕ್ಷರಗಳಲ್ಲೇ ಬರೆಯಬೇಕು ಎಂದು ಕಟ್ಟಪ್ಪಣೆ ಮಾಡಿತು. ಸ್ಥಾನಬೆಲೆಯ ಬಲದಲ್ಲೇ ಅಪಾಯವೂ ಇದೆ. ಕೊನೆಗೊಂದು ಸೊನ್ನೆ ಸೇರಿಸಿದರೆ ಮೊತ್ತ ಹತ್ತು ಪಟ್ಟಾಗುತ್ತದೆ. ಇವತ್ತಿಗೂ ಚೆಕ್ಕಿನಲ್ಲಿ ‘ಒಂಬತ್ತು ಸಾವಿರ ರೂಪಾಯಿ ಮಾತ್ರ’ ಎಂದು ಅಕ್ಷರದಲ್ಲಿ ಬರೆಯುವುದು ಇದಕ್ಕೇ.

ನೃಪತುಂಗನ ಕಾಲದ ಗಣಿತಜ್ಞ

ಗ್ವಾಲಿಯರಿನ ಶಾಸನಕ್ಕೂ ಕೆಲವು ವರ್ಷ ಮೊದಲು, ಮಾನ್ಯಖೇಟದಿಂದ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ ಆಳುತ್ತಿದ್ದ ಕಾಲದಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ವನ್ನು ಬರೆದ. ಗ್ರಂಥದ ಆರಂಭದಲ್ಲೇ ನೃಪತುಂಗನ ಸ್ತುತಿಯಿದೆ. ಏಕ, ದಶ, ಶತ ಎಂದು ಶುರುವಾಗಿ ‘ಮಹಾಕ್ಷೋಭ’ದವರೆಗೆ 24 ಸ್ಥಾನಗಳ ಹೆಸರನ್ನು ಅವನು ಕೊಡುತ್ತಾನೆ. ಸಂಖ್ಯೆಗಳನ್ನು ಹಾರದಂತೆ ಪೋಣಿಸುವುದು ಅವನಿಗೆ ಇಷ್ಟದ ಕೆಲಸ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಗುಣಲಬ್ಧಗಳನ್ನು ಕಂಠಾಭರಣ ಎಂದು ಕರೆದ. 152207ನ್ನು 73ರಿಂದ ಗುಣಿಸಿ ನೋಡಿ, 1,11,11,111 ಬರುತ್ತದೆ. ಒಂದರಿಂದ ಆರರವರೆಗೆ ಏರಿ ಮತ್ತೆ ಒಂದಕ್ಕೆ ಇಳಿಯುವ 12345654321 ಕೂಡ ಅವನ ಗ್ರಂಥದಲ್ಲಿದೆ.

ಈ ಕೊನೆಯ ಸಂಖ್ಯೆ 111111ರ ವರ್ಗ. ಇದರ ಗುಟ್ಟು ತಿಳಿಯಲು ಚಿಕ್ಕ ಲೆಕ್ಕ ಸಾಕು. 111ನ್ನು 111ರಿಂದ ಗುಣಿಸುವುದೆಂದರೆ 111, 1110, 11100 ಮೂರನ್ನೂ ಕೂಡುವುದು. ಒಂದರ ಕೆಳಗೊಂದು ಬರೆದರೆ ಅದೇ 111 ಒಂದೊಂದು ಮನೆ ಎಡಕ್ಕೆ ಸರಿದು ಕೂತಿರುವುದು ಕಾಣುತ್ತದೆ. ಬಿಡಿ ಸ್ಥಾನದಲ್ಲಿ ಒಂದೇ 1, ಹತ್ತರಲ್ಲಿ ಎರಡು, ನೂರರಲ್ಲಿ ಮೂರು, ಆಮೇಲೆ ಎರಡು, ಒಂದು. ಉತ್ತರ 12321. ಒಂಬತ್ತು ಒಂದುಗಳವರೆಗೆ ಈ ಹಾರ ಅಂದವಾಗಿ ಬೆಳೆಯುತ್ತದೆ. ಹತ್ತನೆಯದಕ್ಕೆ ತುಂಡಾಗುತ್ತದೆ. ಏಕೆಂದರೆ ಒಂದು ಸ್ಥಾನದಲ್ಲಿ ಒಂಬತ್ತಕ್ಕಿಂತ ಹೆಚ್ಚು ಹಿಡಿಸುವುದಿಲ್ಲ. ಹತ್ತಾದರೆ ಪಕ್ಕದ ಸ್ಥಾನಕ್ಕೆ ಒಂದಾಗಿ ಹೋಗಲೇಬೇಕು. ಮಗ್ಗಿ ಬಲ್ಲ ಯಾವ ಮಗುವಿಗೂ ಈ ಹಾರವನ್ನು ಮಾಡಿಸಿ ತೋರಿಸಬಹುದು. ನಮ್ಮದೇ ನೆಲದ ಗಣಿತಜ್ಞನೊಬ್ಬನ ಖುಷಿ ಮಗುವಿನ ಕೈಗೆ ಬಂದಂತಾಗುತ್ತದೆ.

ಸಾಲ ಬೇಡ, ಚಿಲ್ಲರೆ ಸಾಕು

403ರಲ್ಲಿ 158 ಕಳೆಯಿರಿ. ಮೂರರಲ್ಲಿ ಎಂಟು ಹೋಗುವುದಿಲ್ಲ, ಪಕ್ಕದ ಮನೆಯಲ್ಲಿ ಸಾಲ ಕೇಳೋಣ ಎಂದರೆ ಅಲ್ಲಿ ಸೊನ್ನೆ. ಅದರಾಚೆಯ ಮನೆಗೆ ಹೋಗಬೇಕು. ಈ ‘ಸಾಲ’ದ ಮಾತು ನಮ್ಮ ತರಗತಿಗಳಲ್ಲಿ ಬೇರೂರಿದೆ. ಆದರೆ ತಂದ ಸಾಲವನ್ನು ಹಿಂದಿರುಗಿಸುವುದು ಯಾವಾಗ ಎಂದು ಮಗು ಕೇಳಿದರೆ ಉತ್ತರವಿಲ್ಲ. ಈ ಗೋಜಲಿನಲ್ಲಿ ಬಹಳ ಮಕ್ಕಳು ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದು 355 ಎಂದು ಬರೆದುಬಿಡುತ್ತಾರೆ.

ಇದನ್ನೇ ನೋಟುಗಳಲ್ಲಿ ಮಾಡಿ. ಕೈಯಲ್ಲಿ ನೂರರ ನೋಟು ನಾಲ್ಕು, ಒಂದು ರೂಪಾಯಿಯ ನಾಣ್ಯ ಮೂರು. ಅಂಗಡಿಗೆ 158 ಕೊಡಬೇಕು. ಒಂದು ನೂರನ್ನು ಮುರಿಸಿದರೆ ಹತ್ತರ ನೋಟು ಹತ್ತು ಬಂತು. ಅದರಲ್ಲಿ ಒಂದು ಹತ್ತನ್ನು ಮುರಿಸಿದರೆ ಬಿಡಿ ರೂಪಾಯಿ ಹದಿಮೂರಾಯಿತು. ಈಗ ಕೈಯಲ್ಲಿ ನೂರು ಮೂರು, ಹತ್ತು ಒಂಬತ್ತು, ಬಿಡಿ ಹದಿಮೂರು. ಒಟ್ಟು ಇನ್ನೂ 403 ರೂಪಾಯಿಯೇ. ಇದರಲ್ಲಿ ಒಂದು ನೂರು, ಐದು ಹತ್ತು, ಎಂಟು ಬಿಡಿ ಕೊಟ್ಟರೆ ಉಳಿಯುವುದು 245. ಯಾರಿಗೂ ಸಾಲ ಆಗಲಿಲ್ಲ, ಮೊತ್ತ ಬದಲಾಗಲಿಲ್ಲ, ಚಿಲ್ಲರೆ ಆಯಿತು ಅಷ್ಟೇ. ದಶಕ ತೆಗೆದುಕೊಳ್ಳುವುದೆಂದರೆ ಇಷ್ಟೇ. ಕೂಡುವಾಗ ನಡೆಯುವುದು ಇದರ ಉಲ್ಟಾ. ಹತ್ತು ಬಿಡಿ ಸೇರಿ ಒಂದು ಹತ್ತಾಗುತ್ತದೆ. ಅದು ಗೊತ್ತಿಲ್ಲದ ಮಗು 27ಕ್ಕೆ 38 ಕೂಡಿಸಿ 515 ಎಂದು ಬರೆಯುತ್ತದೆ.

ಭಾಗಾಕಾರದಲ್ಲೂ ಎಡವುವುದು ಇಲ್ಲೇ. 4572ನ್ನು 9ರಿಂದ ಭಾಗಿಸಿದರೆ 508. ಹಲವರ ಪುಸ್ತಕದಲ್ಲಿ ಅದು 58 ಆಗಿರುತ್ತದೆ. 45 ನೂರುಗಳಲ್ಲಿ 9ಕ್ಕೆ ಐದೈದು ನೂರು ಸಿಕ್ಕವು, 7 ಹತ್ತುಗಳನ್ನು ಒಂಬತ್ತು ಪಾಲು ಮಾಡಿದರೆ ಯಾರಿಗೂ ಒಂದು ಪೂರ್ತಿ ಹತ್ತು ಸಿಗುವುದಿಲ್ಲ. ಆ ‘ಸಿಗಲಿಲ್ಲ’ವನ್ನು ಬರೆಯಬೇಕಾದ ಜಾಗವೇ ನಡುವಿನ ಸೊನ್ನೆ. ‘ನಾಲ್ಕು ಸಾವಿರವನ್ನು ಒಂಬತ್ತು ಜನರಿಗೆ ಹಂಚಿದರೆ ಐವತ್ತೆಂಟು ಬರುತ್ತದಾ?’ ಎಂದು ಒಂದು ಪ್ರಶ್ನೆ ಕೇಳಿದರೆ ಮಗುವೇ ತಪ್ಪನ್ನು ಹಿಡಿಯುತ್ತದೆ.

4572 ಒಂಬತ್ತರಿಂದ ಭಾಗವಾಗುತ್ತದೆಯೇ ಎಂದು ತಿಳಿಯಲು ಅಂಕಿಗಳನ್ನು ಕೂಡಿ ನೋಡುವ ಉಪಾಯ ಎಲ್ಲರಿಗೂ ಗೊತ್ತು. 4+5+7+2=18. ಅದು ಹಾಗೇಕೆ ಎಂದು ಕೇಳಿದರೆ ಉತ್ತರ ಮತ್ತೆ ಸ್ಥಾನದಲ್ಲೇ ಇದೆ. ಸಾವಿರವೆಂದರೆ 999 ಮತ್ತು 1, ನೂರೆಂದರೆ 99 ಮತ್ತು 1, ಹತ್ತೆಂದರೆ 9 ಮತ್ತು 1. ಒಂಬತ್ತುಗಳ ಪಾಲನ್ನೆಲ್ಲ ಬದಿಗಿಟ್ಟರೆ ಉಳಿಯುವುದು ಅಂಕಿಗಳು ಮಾತ್ರ. ಕಿರ್ದಿ–ಖತಾವಣಿ ಬರೆಯುವವರ ಒಂದು ಹಳೆಯ ಉಪಾಯಕ್ಕೂ ಇದೇ ಆಧಾರ. ಲೆಕ್ಕ ತಾಳೆಯಾಗದೆ ಬಂದ ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ, ಎಲ್ಲೋ ಎರಡು ಅಂಕಿಗಳು ಅದಲುಬದಲಾಗಿರಬಹುದೆಂದು ಅನುಮಾನಿಸುತ್ತಾರೆ. 540 ಎಂದು ಬರೆಯಬೇಕಾದಲ್ಲಿ 450 ಬರೆದರೆ ವ್ಯತ್ಯಾಸ 90. ಪಕ್ಕಪಕ್ಕದ ಯಾವ ಎರಡು ಅಂಕಿ ಅದಲುಬದಲಾದರೂ ವ್ಯತ್ಯಾಸ ಒಂಬತ್ತರ ಮಗ್ಗಿಯಲ್ಲೇ ಇರುತ್ತದೆ.

ಹತ್ತೇ ಏಕೆ?

ಹತ್ತು ಬೆರಳಿರುವುದರಿಂದ ಹತ್ತು ನಮಗೆ ಸಹಜವಾಯಿತು. ಹತ್ತೇ ಆಗಬೇಕೆಂಬ ನಿಯಮವಿಲ್ಲ. ಹಿರಿಯರಿಗೆ ರೂಪಾಯಿ–ಆಣೆ ಲೆಕ್ಕ ನೆನಪಿರುತ್ತದೆ. ರೂಪಾಯಿಗೆ 16 ಆಣೆ. 3 ರೂಪಾಯಿ 12 ಆಣೆಗೆ 2 ರೂಪಾಯಿ 7 ಆಣೆ ಕೂಡಿದರೆ 19 ಆಣೆಯಲ್ಲಿ 16 ಒಂದು ರೂಪಾಯಿಯಾಗಿ ಎಡಕ್ಕೆ ಹೋಗಿ, ಒಟ್ಟು 6 ರೂಪಾಯಿ 3 ಆಣೆ. ಅಕ್ಷರ ಬಾರದವರೂ ಸಂತೆಯಲ್ಲಿ ಈ ಲೆಕ್ಕವನ್ನು ಬಾಯಲ್ಲೇ ಮಾಡುತ್ತಿದ್ದರು. 1957ರ ಏಪ್ರಿಲ್ 1ರಂದು ದೇಶ ನೂರು ನಯಾ ಪೈಸೆಯ ರೂಪಾಯಿಗೆ ಬದಲಾಯಿತು. ಅಂದಿನಿಂದ ಹಣದ ಲೆಕ್ಕವೂ ಬರಹದ ಲೆಕ್ಕವೂ ಒಂದೇ ದಾರಿಯಲ್ಲಿ ನಡೆಯತೊಡಗಿದವು. ಗಡಿಯಾರದಲ್ಲಿ ಇಂದಿಗೂ ಅರವತ್ತು ಸೆಕೆಂಡಿಗೆ ಒಂದು ನಿಮಿಷ ಎಡಕ್ಕೆ ಹೋಗುತ್ತದೆ. ಕಂಪ್ಯೂಟರಿನೊಳಗೆ ಎರಡೇ ಅಂಕಿ, ಪ್ರತಿ ಸ್ಥಾನಕ್ಕೂ ಎರಡು ಪಟ್ಟು ಬೆಲೆ. ಅಲ್ಲಿ 1101 ಎಂದರೆ 8, 4, 1 ಸೇರಿ ಹದಿಮೂರು. ಎಷ್ಟಾದರೆ ಗುಂಪು ಎಂಬುದು ಮಾತ್ರ ಬದಲಾಗುತ್ತದೆ. ಗುಂಪಾದದ್ದು ಎಡಕ್ಕೆ ಹೋಗಿ ಒಂದಾಗಿ ಕೂರುವ ನಿಯಮ ಎಲ್ಲೆಡೆ ಒಂದೇ.

ಹದಿನಾರರಲ್ಲಿ ‘1’ ಎಲ್ಲಿದೆ?

ಮಗುವಿಗೆ ಸ್ಥಾನಬೆಲೆ ನಿಜವಾಗಿ ಅರ್ಥವಾಗಿದೆಯೇ ಎಂದು ತಿಳಿಯಲು ಅಮೆರಿಕದ ಶಿಕ್ಷಣತಜ್ಞೆ ಕಾನ್‌ಸ್ಟನ್ಸ್ ಕಮಿ ಬಳಸಿದ ಸರಳ ಪರೀಕ್ಷೆಯೊಂದಿದೆ. ಅದಕ್ಕೆ ಹದಿನಾರು ಹುಣಸೆಬೀಜ ಸಾಕು. ಮಗುವಿನಿಂದಲೇ ಎಣಿಸಿ, 16 ಎಂದು ಬರೆಸಿ. 6ರ ಮೇಲೆ ಬೆರಳಿಟ್ಟು ‘ಇದು ಎಷ್ಟು ಬೀಜ, ತೋರಿಸು’ ಎಂದರೆ ಆರು ಬೀಜ ತೋರಿಸುತ್ತದೆ. 1ರ ಮೇಲೆ ಬೆರಳಿಟ್ಟು ಅದೇ ಪ್ರಶ್ನೆ ಕೇಳಿದರೆ ಬಹಳ ಮಕ್ಕಳು ಒಂದೇ ಬೀಜ ತೋರಿಸುತ್ತಾರೆ. ಉಳಿದ ಒಂಬತ್ತು ಬೀಜ ನೆಲದ ಮೇಲೆ ಹಾಗೇ ಬಿದ್ದಿರುತ್ತವೆ. ‘1 ಹತ್ತರ ಸ್ಥಾನದಲ್ಲಿದೆ’ ಎಂದು ಬಾಯಿಪಾಠ ಒಪ್ಪಿಸಿದ ಮಗುವೂ ಹೀಗೆ ಮಾಡಬಹುದು. ಕೋಷ್ಟಕ ತುಂಬುವುದು ಬಂದಿದೆ, ಹತ್ತನ್ನು ಒಂದು ಗುಂಪಾಗಿ ಕಾಣುವುದು ಬಂದಿಲ್ಲ.

ಅದು ಬರುವುದು ಕೈಯಿಂದ. ಕಡ್ಡಿಗಳನ್ನು ಹತ್ತತ್ತು ಎಣಿಸಿ ದಾರದಲ್ಲಿ ಕಟ್ಟುವುದು, ಹತ್ತು ಕಟ್ಟು ಸೇರಿದರೆ ದೊಡ್ಡ ಕಟ್ಟು ಮಾಡುವುದು, ಬೇಕಾದಾಗ ಬಿಚ್ಚುವುದು. ನೋಟುಗಳ ಆಟ ಇದರ ನಂತರ ಬರಲಿ. ನೂರರ ನೋಟಿನೊಳಗೆ ನೂರು ಕಾಣುವುದಿಲ್ಲ, ದೊಡ್ಡ ಕಟ್ಟಿನಲ್ಲಿ ಕಾಣುತ್ತದೆ. ಕರ್ನಾಟಕದ ಸರ್ಕಾರಿ ಶಾಲೆಗಳಿಗೆ ನಲಿ–ಕಲಿ ಮತ್ತು ಗಣಿತ ಕಲಿಕಾ ಆಂದೋಲನದ ಮೂಲಕ ಇಂಥ ಸಾಮಗ್ರಿಗಳು ಬಂದಿವೆ. ಅವು ಬೀರುವಿನಲ್ಲಿ ಉಳಿಯದೆ ಮಕ್ಕಳ ಕೈಗೆ ಸಿಗಬೇಕು.

1005 ಬರೆಯುವ ಮಗುವಿಗೆ ಶಿಕ್ಷಣತಜ್ಞೆ ಮರಿಯಾ ಮಾಂಟೆಸ್ಸರಿ ಬಳಸಿದ ಕಾರ್ಡುಗಳಿಗಿಂತ ಒಳ್ಳೆಯ ಮದ್ದಿಲ್ಲ. ರಟ್ಟಿನಲ್ಲಿ ಮನೆಯಲ್ಲೇ ಮಾಡಬಹುದು. 1ರಿಂದ 9ರ ಕಾರ್ಡು ಒಂದು ಅಂಕಿಯಷ್ಟು ಅಗಲ, 10ರಿಂದ 90ರವು ಎರಡಂಕಿ ಅಗಲ, 100ರಿಂದ 900ರವು ಮೂರಂಕಿ ಅಗಲ. ಮಗು 100ರ ಕಾರ್ಡನ್ನು ಕೆಳಗಿಟ್ಟು, ಅದರ ಬಲತುದಿಯ ಮೇಲೆ 5ರ ಕಾರ್ಡನ್ನು ಇಡಲಿ. ಕೊನೆಯ ಸೊನ್ನೆ ಮುಚ್ಚಿಹೋಗಿ 105 ಕಾಣುತ್ತದೆ. ಐದನ್ನು ಎತ್ತಿದರೆ ಸೊನ್ನೆ ಅಲ್ಲೇ ಇದೆ. ನೂರು ಎಲ್ಲೂ ಹೋಗಿಲ್ಲ, ಐದು ಅದರ ಖಾಲಿ ಜಾಗದಲ್ಲಿ ಕೂತಿದೆ. ಹತ್ತಿಪ್ಪತ್ತು ಸಂಖ್ಯೆಗಳನ್ನು ಹೀಗೆ ಮಾಡಿ ಬಿಚ್ಚಿದ ಮಗುವಿಗೆ ವಿಸ್ತೃತ ರೂಪ ಎಂಬ ಪಾಠವನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಮಗು ತಪ್ಪು ಬರೆದಾಗ ‘ಹೇಗೆ ಬರೆದೆ, ಹೇಳು ಪುಟ್ಟಾ’ ಎಂದು ಕೇಳಿ ಕೊನೆಯವರೆಗೂ ಕೇಳಿಸಿಕೊಂಡರೆ, ಎಲ್ಲಿಂದ ಹೇಳಿಕೊಡಬೇಕೆಂಬುದೂ ತಿಳಿಯುತ್ತದೆ.

ಬಜೆಟ್ ಓದುವ ಕಣ್ಣು

ಇಷ್ಟೆಲ್ಲ ಶ್ರಮ ಏಕೆ, ಮೊಬೈಲಿನಲ್ಲೇ ಕ್ಯಾಲ್ಕುಲೇಟರ್ ಇದೆಯಲ್ಲ ಎನ್ನುವವರಿದ್ದಾರೆ. ಕ್ಯಾಲ್ಕುಲೇಟರ್ ಉತ್ತರ ಕೊಡುತ್ತದೆ. ಆ ಉತ್ತರ ಎಷ್ಟು ದೊಡ್ಡದು ಎಂಬ ಅಂದಾಜು ನಮ್ಮಲ್ಲೇ ಇರಬೇಕು. ಕರ್ನಾಟಕದ 2025–26ರ ಬಜೆಟ್ ಗಾತ್ರ 4,09,549 ಕೋಟಿ ರೂಪಾಯಿ. ಪೂರ್ತಿ ಬರೆದರೆ 40,95,49,00,00,000. ಪತ್ರಿಕೆಯಲ್ಲಿ ಇಂಥ ಅಂಕಿಗಳನ್ನು ಕಂಡಾಗ ಬಹುತೇಕರು ‘ಏನೋ ದೊಡ್ಡ ಮೊತ್ತ’ ಎಂದುಕೊಂಡು ಮುಂದಿನ ಸಾಲಿಗೆ ಹೋಗುತ್ತಾರೆ. ಸ್ಥಾನಬೆಲೆ ಗೊತ್ತಿರುವವರಿಗೆ ಇದು ಅರ್ಧ ನಿಮಿಷದ ಲೆಕ್ಕ. 2011ರ ಜನಗಣತಿಯಂತೆ ರಾಜ್ಯದ ಜನಸಂಖ್ಯೆ 6 ಕೋಟಿಯ ಆಸುಪಾಸು. ಎರಡೂ ಕಡೆಯ ಕೋಟಿಯನ್ನು ತೆಗೆದುಬಿಡಿ. ಉಳಿಯುವುದು 4 ಲಕ್ಷವನ್ನು ಆರರಿಂದ ಭಾಗಿಸುವ ಲೆಕ್ಕ. ತಲೆಗೆ ಸುಮಾರು 67 ಸಾವಿರ ರೂಪಾಯಿ. ಆ ಗಣತಿಯ ನಂತರ ಜನ ಹೆಚ್ಚಿರುವುದರಿಂದ ಈಗ ಇನ್ನೂ ಸ್ವಲ್ಪ ಕಡಿಮೆ. ನಮ್ಮೂರಿನ ರಸ್ತೆಗೆ, ಶಾಲೆಗೆ, ಆಸ್ಪತ್ರೆಗೆ ಇದರಲ್ಲಿ ಎಷ್ಟು ಬಂತು ಎಂಬ ಪ್ರಶ್ನೆ ಆಗ ತಾನಾಗಿ ಹುಟ್ಟುತ್ತದೆ.

ನಾಲ್ಕು ನೂರು ಕೋಟಿಗೂ ನಾಲ್ಕು ಸಾವಿರ ಕೋಟಿಗೂ ವ್ಯತ್ಯಾಸ ತಿಳಿಯದ ಸಮಾಜವನ್ನು ಅಂಕಿಗಳಿಂದ ಹೆದರಿಸುವುದೂ ಸುಲಭ, ಮರುಳು ಮಾಡುವುದೂ ಸುಲಭ. ಸಾಲದ ಪತ್ರಕ್ಕೆ ಸಹಿ ಹಾಕುವಾಗ, ಪಂಚಾಯಿತಿಯ ಗ್ರಾಮಸಭೆಯಲ್ಲಿ ಕಾಮಗಾರಿಯ ಖರ್ಚು ಕೇಳುವಾಗ ಕೈಹಿಡಿಯುವ ಗಣಿತ ಇದೇ. ಅದರ ಬುನಾದಿ ಬೀಳುವುದು ಒಂದರಿಂದ ಮೂರನೇ ತರಗತಿಯ ನಡುವೆ, ಕಡ್ಡಿ ಕಟ್ಟುಗಳ ಜೊತೆ ಕಳೆಯುವ ದಿನಗಳಲ್ಲಿ. ಆ ದಿನಗಳನ್ನು ಮಕ್ಕಳಿಗೆ ಧಾರಾಳವಾಗಿ ಕೊಡಬೇಕು. ಪಠ್ಯ ಮುಗಿಸುವ ಅವಸರದಲ್ಲಿ ಅಲ್ಲಿ ಉಳಿಸಿದ ಎರಡು ವಾರಕ್ಕೆ ಮಗು ಮುಂದೆ ಎಷ್ಟೋ ವರ್ಷ ಬೆಲೆ ತೆರುತ್ತದೆ.